ಇನಾಯತ್ ಚಾಚಾ ಬಿಚ್ಚದ ಟಾಂಕಾ

ಕಳೆದ ತಿಂಗಳು ಫೋನಿನ ಪರದೆ ಒಡೆದುಕೊಂಡು ಶಿವಾಜಿನಗರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದ ಎದುರಿನ ಅಂಗಡಿಯವನು ಅರ್ಧ ಗಂಟೆ ಕಾಯಿರಿ ಎಂದ. ಸರಿ ಎಂದು ಬಾಗಿಲಲ್ಲೇ ನಿಂತೆ. ಒಳಗೆ ಯಾರೋ ಬಗ್ಗಿ ಕೂತು ಏನನ್ನೋ ಬೆಸೆಯುತ್ತಿದ್ದರು. ರಾಳ ಸುಟ್ಟ ಹೊಗೆ ಒಂದೆಳೆಯಾಗಿ ಹೊರಗೆ ಬಂದು ನನ್ನ ಮೂಗಿಗೆ ತಾಗಿತು.

ಈ ವಾಸನೆ ಹೆಚ್ಚು ಜನಕ್ಕೆ ಹಿಡಿಸುವುದಿಲ್ಲ. ಸಾಂಬ್ರಾಣಿಯ ಹೊಗೆಯಲ್ಲಿ ಕಾದ ತಗಡಿನ ವಾಸನೆ ಬೆರೆತ ಹಾಗಿರುತ್ತದೆ. ನನ್ನ ಗಂಡನಿಗಂತೂ ಇದು ಮೂಗಿಗೆ ಬಿದ್ದರೆ ತಲೆನೋವು. ನನಗೆ ಮಾತ್ರ ಅದು ಎರಡು ವರ್ಷದ ಹಿಂದಿನ ಒಂದು ಮಳೆಗಾಲದ ವಾಸನೆ. ಆ ಮಳೆಗಾಲ ನೆನಪಾಗಬಾರದೆಂದೇ ನಾನು ಶಿವಾಜಿನಗರದ ಒಂದು ಗಲ್ಲಿಯನ್ನು ತಪ್ಪಿಸಿ ಓಡಾಡುತ್ತಿದ್ದೆ. ಬಸ್ಸಿಳಿದು ನೇರ ನಡೆದರೆ ಐದು ನಿಮಿಷದಲ್ಲಿ ಮುಗಿಯುವ ದಾರಿಗೆ ಹದಿನೈದು ನಿಮಿಷ ಸುತ್ತುತ್ತಿದ್ದೆ. ಕಾಲು ಎಷ್ಟು ಸುತ್ತಿದರೇನು, ಮೂಗು ಸುತ್ತಲು ಒಪ್ಪಲಿಲ್ಲ.

ಆಗ ನನಗೆ ಇಂದಿರಾನಗರದ ಒಂದು ಕಂಪನಿಯಲ್ಲಿ ಕೆಲಸ. ಎಲ್ಲಿಯದೋ ಆಸ್ಪತ್ರೆಗಳ ಡಾಕ್ಟರುಗಳು ಗೊಣಗಿ ರೆಕಾರ್ಡ್ ಮಾಡಿ ಕಳಿಸಿದ ಮಾತುಗಳನ್ನು ಕೇಳಿ ಟೈಪ್ ಮಾಡಬೇಕು. ದಿನಕ್ಕೆ ಎಂಟು ಗಂಟೆ ಕಿವಿಗೆ ಹೆಡ್‌ಫೋನು. ಕಂಪನಿ ಕೊಟ್ಟದ್ದು ಕಿವಿ ಒತ್ತುತ್ತದೆಂದು ಸ್ವಂತದ್ದನ್ನು ಕೊಂಡಿದ್ದೆ. ಅದರ ಕೇಬಲ್ಲು ಮೂರು ತಿಂಗಳಿಗೊಮ್ಮೆ ಪಿನ್ನಿನ ಹತ್ತಿರ ಮುರಿಯುತ್ತಿತ್ತು. ಒಂದು ಕಡೆ ಡಾಕ್ಟರು ಮಾತಾಡುತ್ತಾರೆ, ಇನ್ನೊಂದು ಕಡೆ ಮೌನ. ವೈರನ್ನು ಬೆರಳಿಗೆ ಸುತ್ತಿ, ಬಾಗಿಸಿ, ಉಸಿರು ಬಿಗಿಹಿಡಿದು ಕೂತರೆ ಮತ್ತೆ ಮಾತು ಬರುತ್ತದೆ. ಹೀಗೆ ಎಷ್ಟು ದಿನ? ಯಾರೋ ಇನಾಯತ್ ಭಾಯ್ ಅಂಗಡಿಗೆ ಹೋಗು ಎಂದರು. ಜೂನ್ ತಿಂಗಳ ಮೊದಲ ಶನಿವಾರ ಜೋಗುಪಾಳ್ಯದ ಮನೆಯಿಂದ ಛತ್ರಿ ಹಿಡಿದು ಹೊರಟೆ.

ಅಂಗಡಿ ಎಂದರೆ ಒಂದು ಬಾಗಿಲಿನಷ್ಟು ಅಗಲ. ಮೇಲೆ ತಗಡಿನ ಸೂರು. ಒಳಗೆ ಗೋಡೆಯ ಮೊಳೆಗಳಿಗೆಲ್ಲ ಕೇಬಲ್ಲು ಕೇಬಲ್ಲು ಕೇಬಲ್ಲು. ಇನಾಯತ್ ಚಾಚಾಗೆ ಅರವತ್ತೈದರ ಆಸುಪಾಸು ವಯಸ್ಸು, ಬಿಳಿ ಗಡ್ಡ, ದಾರ ಕಟ್ಟಿದ ಕನ್ನಡಕ. ಅವರು ರೇಡಿಯೊ ಮುಟ್ಟುತ್ತಿರಲಿಲ್ಲ, ಆಂಪ್ಲಿಫಯರ್ ಮುಟ್ಟುತ್ತಿರಲಿಲ್ಲ. ವೈರು ಮತ್ತು ಪಿನ್ನು, ಅಷ್ಟೇ. ಫ್ರೇಜರ್ ಟೌನಿನ ಚರ್ಚುಗಳ ಮೈಕ್ ಕೇಬಲ್ಲಿನಿಂದ ಹಿಡಿದು ಕಾಲೇಜು ಹುಡುಗರ ಇಯರ್‌ಫೋನಿನ ತನಕ ಎಲ್ಲವೂ ಅವರ ಮುಂದೆ ಬಂದು ಬೀಳುತ್ತಿದ್ದವು.

"ಇದನ್ನ ನಾನು ಮಾಡ್ಕೊಡ್ತೀನಿ ಮೇಡಂ," ಎಂದರು ನನ್ನ ಕೇಬಲ್ಲನ್ನು ಬೆರಳಲ್ಲಿ ಸವರುತ್ತ. "ಮೂರು ತಿಂಗ್ಳಿಗೆ ಮತ್ತೆ ಬರ್ತೀರ. ನೋಡಿ ಕಲ್ತ್ಕೊಂಡ್ರೆ ಬರೋದು ತಪ್ಪುತ್ತೆ."

"ಕಲಿಸಿದ್ರೆ ನಿಮ್ ಗಿರಾಕಿ ಹೋಗುತ್ತಲ್ಲ ಚಾಚಾ?"

"ಹೋಗ್ಲಿ ಬಿಡಿ. ವೈರು ಮುರಿಯೋದು ನಿಂತೋಗುತ್ತಾ?"

ತಮ್ಮ ಬಲಗಡೆ ಒಂದು ಸ್ಟೂಲ್ ಎಳೆದು ಕೂರಿಸಿದರು. ಎಡಗಡೆ ಗೋಡೆಯ ತನಕ ರಟ್ಟಿನ ಪೆಟ್ಟಿಗೆಗಳನ್ನು ಎದೆಮಟ್ಟ ಪೇರಿಸಿದ್ದರು. ಆ ಕಡೆ ಯಾರೂ ಕೂರುವಂತಿರಲಿಲ್ಲ. ಜಾಗ ಸಾಲದೆ ಹಾಗೆ ಇಟ್ಟಿದ್ದಾರೆ ಎಂದುಕೊಂಡೆ.

ಆ ಮಳೆಗಾಲದ ಶನಿವಾರಗಳೆಲ್ಲ ಆ ಸ್ಟೂಲಿನ ಮೇಲೆ ಕಳೆದವು. ರಸ್ತೆ ಅಗೆದಿದ್ದರು. ಗಲ್ಲಿಯ ಬಾಯಿಯಲ್ಲಿ ಮೊಣಕಾಲುದ್ದ ಕೆಸರು. ಪಕ್ಕದ ಅಂಗಡಿಯಲ್ಲಿ ಬ್ಯಾಗುಗಳಿಗೆ ಜಿಪ್ಪು ಹೊಲಿಯುವ ಸೆಲ್ವಂ ಕೆಸರಿನ ಮೇಲೆ ಹಲಗೆ ಹಾಸಿ, ದಾಟಿದವರಿಗೆಲ್ಲ ತಾನೇ ಸೇತುವೆ ಕಟ್ಟಿಸಿದ ಮಂತ್ರಿಯ ಹಾಗೆ ಕೈ ಮುಗಿಯುತ್ತಿದ್ದ. ತಗಡಿನ ಮೇಲೆ ಮಳೆ, ಒಳಗೆ ರಾಳದ ಹೊಗೆ, ನಡುವೆ ಸೆಲ್ವಂ ತರಿಸುವ ಸುಲೈಮಾನಿ ಟೀ.

ಬೆಸುಗೆಗೆ ಚಾಚಾ ಹೇಳುತ್ತಿದ್ದ ಮಾತು ಟಾಂಕಾ. ನನ್ನ ಮೊದಲ ಟಾಂಕಾ ಹಿಡಿಯಲೇ ಇಲ್ಲ. ಹೆಡ್‌ಫೋನಿನ ಒಳಗಿನ ತಂತಿ ಕೂದಲಷ್ಟು ಸಣ್ಣದು, ಅದರ ಮೈಮೇಲೆ ಕಣ್ಣಿಗೆ ಕಾಣದ ಅರಗಿನ ಲೇಪ. ಅದನ್ನು ಸುಟ್ಟು ತೆಗೆಯದೆ ಬೆಸೆದರೆ ತಾವರೆಲೆಯ ಮೇಲಿನ ನೀರಿನಂತೆ ಸೀಸ ಜಾರಿ ಬೀಳುತ್ತದೆ. ಎರಡನೆಯದು ಹಿಡಿಯಿತು, ಆದರೆ ನಾನು ಸಂತೋಷಕ್ಕೆ ಅದರ ಮೇಲೆ ಊದಿಬಿಟ್ಟೆ.

"ಊದ್ಬೇಡಿ! ಬಿಸಿ ಟೀನಾ ಇದು? ತಾನೇ ತಣ್ಣಗಾಗ್ಲಿ. ಜಲ್ದಿ ನಕ್ಕೋ, ಅವಸರ ಬೇಡ."

ಊದಿದ ಟಾಂಕಾ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಳ್ಳೆಯ ಟಾಂಕಾ ಹೊಳೆಯಬೇಕು. ಮೂರನೆಯದು ಹೊಳೆಯಿತು. ಎಡದ ತಂತಿ ತುದಿಗೆ, ಬಲದ ತಂತಿ ನಡುವಿನ ಬಳೆಗೆ, ಮೂರನೆಯದು ಬುಡಕ್ಕೆ, ಎಲ್ಲ ಸರಿಯಾಗಿ ಕೂತಿತ್ತು. ಜಂಭದಿಂದ ತಲೆ ಎತ್ತಿದೆ. ಚಾಚಾ ಮೇಜಿನ ಮೇಲೆ ಬೆರಳು ತೋರಿಸಿದರು. ಪಿನ್ನಿನ ಟೋಪಿ, ಅಂದರೆ ತಿರುಗಿಸಿ ಮುಚ್ಚುವ ಲೋಹದ ಕವಚ, ಅಲ್ಲೇ ಕೂತಿತ್ತು. ಅದನ್ನು ಬೆಸೆಯುವ ಮೊದಲೇ ವೈರಿಗೆ ಪೋಣಿಸಿಕೊಳ್ಳಬೇಕು. ಆಮೇಲೆ ಯಾವ ದಾರಿಯಿಂದಲೂ ಹೋಗುವುದಿಲ್ಲ.

"ಮೊದ್ಲು ಟೋಪಿ, ಆಮೇಲೆ ನಮಾಜು," ಎಂದು ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದಿಂದ ಸೆಲ್ವಂ, "ಟೋಪಿ ಮರೆತ್ರಾ?" ಎಂದು ಕೂಗಿದ. ಅವನಿಗೂ ಅದು ಗೊತ್ತಿದ್ದ ವಿಷಯ. ಅಲ್ಲಿ ಕೂತು ಕಲಿತವರೆಲ್ಲ ಮಾಡಿದ ತಪ್ಪಂತೆ.

ಬಿಚ್ಚಿಕೊಡಿ ಎಂದು ಪಿನ್ನನ್ನು ಚಾಚಾ ಮುಂದೆ ಚಾಚಿದೆ. ಅವರು ಕೈ ಹಿಂದೆಳೆದುಕೊಂಡರು.

"ನೀವ್ ಹಾಕಿದ್ ಟಾಂಕಾ ನೀವೇ ಬಿಚ್ಬೇಕು. ನಾನು ಕೈ ಹಾಕಲ್ಲ. ನಮ್ ಉಸ್ತಾದ್ ನನ್ನ ಹಿಂಗೇ ಬೆಳೆಸಿದ್ದು. ಬೇರೆಯವ್ರು ಬಿಚ್ಚಿ ಸರಿ ಮಾಡ್ಬಿಟ್ರೆ ತಪ್ಪು ಎಲ್ಲಿತ್ತು ಅಂತ ಕೈಗೆ ಗೊತ್ತಾಗಲ್ಲ."

ಅದು ಬರೀ ಮಾತಲ್ಲ. ಆಗಸ್ಟಿನಲ್ಲಿ ಒಂದು ಚರ್ಚಿನ ಮೈಕ್ ಕೇಬಲ್ಲಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಿದ್ದರು. ನಾನು ಮನೆಗೆ ಹೋದ ಮೇಲೆ ಚಾಚಾ ನೋಡಿದರೆ ಟಾಂಕಾ ಸಡಿಲ. ಅವರಿಗೆ ಅದು ಎರಡು ನಿಮಿಷದ ಕೆಲಸ. ಆದರೂ ಚರ್ಚಿನವರಿಗೆ ಬೇರೆ ಕೇಬಲ್ಲು ಕೊಟ್ಟು ಕಳಿಸಿ, ನನ್ನದನ್ನು ಒಂದು ವಾರ ಡಬ್ಬಿಯಲ್ಲಿ ಹಾಗೇ ಇಟ್ಟಿದ್ದರು. ಮುಂದಿನ ಶನಿವಾರ ಹೋದಾಗ ಬೆಸೆಯುವ ಐರನ್ ಕಾದಿತ್ತು, ಡಬ್ಬಿ ನನ್ನ ಸ್ಟೂಲಿನ ಮೇಲಿತ್ತು. ನಾನು ಬಿಚ್ಚಿ ಮತ್ತೆ ಹಾಕಿದೆ. ವಿಷಯವನ್ನೆಲ್ಲ ಆಮೇಲೆ ಹೇಳಿದ್ದು ಸೆಲ್ವಂ.

ಸೆಪ್ಟೆಂಬರಿನ ಹೊತ್ತಿಗೆ ನನಗೆ ಹುಚ್ಚೇ ಹಿಡಿಯಿತು. ರಿಪೇರಿಗೆ ತೃಪ್ತಿಯಾಗದೆ ಹೊಸ ಕೇಬಲ್ಲನ್ನೇ ಮಾಡತೊಡಗಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಒಗ್ಗರಣೆ ಡಬ್ಬಿಯ ಪಕ್ಕ ಸೀಸದ ಸುರುಳಿ. ಬೆಳ್ಳಿ ಲೇಪದ ತಾಮ್ರದ ತಂತಿ ತರಿಸಿ ನಾಲ್ಕೆಳೆಯ ಜಡೆ ಹೆಣೆದೆ. ಅಕ್ಕನ ಮಗಳ ಕೂದಲಿಗೆ ಹೆಣೆಯುವಾಗಲೂ ನಾನು ಅಷ್ಟು ಮುತುವರ್ಜಿ ವಹಿಸಿರಲಿಲ್ಲ. ಡಾಕ್ಟರುಗಳ ಗೊಣಗಾಟವೂ ಈಗ ಸ್ಪಷ್ಟವಾಗಿ ಕೇಳುತ್ತದೆ ಎಂದು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದೆ. ಚಾಚಾಗೂ ಹೇಳಿದೆ.

"ವೈರಿಗೆ ಬೆಳ್ಳಿ ಬಳಿದ್ರೆ ಹಾಡೋನ ಗಂಟ್ಲು ಸರಿ ಹೋಗುತ್ತಾ ಬೇಟಾ?" ಎಂದರು. ಅಷ್ಟು ಹೊತ್ತಿಗೆ ನಾನು ಮೇಡಂನಿಂದ ಬೇಟಾ ಆಗಿದ್ದೆ.

ಅವರದ್ದೇ ಒಂದು ಹೆಡ್‌ಫೋನಿತ್ತು. ಹಳೆಯದು, ದೊಡ್ಡದು, ಕಿವಿಯ ಗಾದಿ ಹರಿದು ಸೆಲ್ವಂ ರೆಕ್ಸಿನ್ ಹೊಲಿದು ಕೊಟ್ಟದ್ದು. ಕೆಲಸ ಮುಗಿದ ಪ್ರತಿ ಕೇಬಲ್ಲನ್ನೂ ಅವರು ಅದರಲ್ಲಿ ಕೇಳಿಯೇ ಕಳಿಸುತ್ತಿದ್ದರು. ಮೀಟರ್ ಇತ್ತು. ಆದರೆ, "ವೈರು ಇದೆ ಅಂತ ಮೀಟರ್ ಹೇಳುತ್ತೆ, ಹೆಂಗಿದೆ ಅಂತ ಕಿವಿನೇ ಹೇಳ್ಬೇಕು" ಎನ್ನುವವರು. ಪರೀಕ್ಷೆಗೆಂದೇ ಅವರ ಬಳಿ ಒಂದು ರೆಕಾರ್ಡಿಂಗ್. ಯಾವುದೋ ಮದುವೆಯಲ್ಲಿ ತಾವೇ ಎರಡು ಮೈಕ್ ಇಟ್ಟು ಹಿಡಿದದ್ದು. ಎಡಕ್ಕೆ ಢೋಲಕ್, ಬಲಕ್ಕೆ ಹಾರ್ಮೋನಿಯಂ, ಒಂದರದ್ದು ಇನ್ನೊಂದಕ್ಕೆ ಸೇರುವುದಿಲ್ಲ. ಯಾವುದು ಕೇಳದಿದ್ದರೂ ಆ ಕಡೆಯ ತಂತಿ ಸತ್ತಿದೆ ಎಂದು ಅರ್ಥ. ಕಣ್ಣು ಮುಚ್ಚಿ ಹತ್ತು ಎಣಿಸುವಷ್ಟು ಹೊತ್ತು ಕೇಳಿ, "ಎಡಗಡೆ ಕರಕರ ಇದೆ" ಎಂದು ಹೇಳಿಬಿಡುತ್ತಿದ್ದರು. ಶಿವಾಜಿನಗರದ ಸೌಂಡ್ ಸರ್ವಿಸಿನವರೆಲ್ಲ ಚಾಚಾ ಕಿವಿ ಎಂದರೆ ಕಿವಿ ಎನ್ನುತ್ತಿದ್ದರು. ಅವರ ಅಂಗಡಿ ನಡೆಯುತ್ತಿದ್ದದ್ದೇ ಆ ಹೆಸರಿನ ಮೇಲೆ.

ಆ ಹೆಡ್‌ಫೋನಿನ ಕೇಬಲ್ಲಿಗೆ ಮಾತ್ರ ಮೂರು ಕಡೆ ಕಪ್ಪು ಟೇಪು ಸುತ್ತಿತ್ತು. ಊರಿಗೆಲ್ಲ ಹೊಸ ಕೇಬಲ್ಲು, ತಮಗೆ ಟೇಪು. ನನಗೆ ಅದನ್ನು ನೋಡಿದಾಗಲೆಲ್ಲ ಕೈ ತುರಿಸುತ್ತಿತ್ತು.

ಅಕ್ಟೋಬರಿನಲ್ಲಿ ಕೋಲಾರದಲ್ಲಿದ್ದ ಮಗಳ ಹೆರಿಗೆಗೆಂದು ಚಾಚಾ ಹತ್ತು ದಿನ ಊರಿಗೆ ಹೋದರು. ಕೀಲಿ ಸೆಲ್ವಂ ಹತ್ತಿರ. ಚಾಚಾಗೆ ಹೇಳಬೇಡ ಎಂದು ಅವನಿಂದ ಭಾಷೆ ತೆಗೆದುಕೊಂಡು ಹೆಡ್‌ಫೋನನ್ನು ಮನೆಗೆ ಒಯ್ದೆ. ಉಳಿದಿದ್ದ ಬೆಳ್ಳಿ ತಂತಿಯನ್ನೆಲ್ಲ ಹಾಕಿ ನನ್ನ ಜನ್ಮದ ಅತ್ಯುತ್ತಮ ಜಡೆ ಹೆಣೆದೆ. ಆಮೇಲೆ ಹಳೆಯ ಪಿನ್ನಿನ ಟೋಪಿ ಬಿಚ್ಚಿದೆ.

ಒಳಗೆ ಎಲ್ಲ ಕಲಸಿಕೊಂಡಿತ್ತು. ಎಡದ ತಂತಿ, ಬಲದ ತಂತಿ ಎರಡನ್ನೂ ಒಂದಕ್ಕೊಂದು ಸೇರಿಸಿ, ಪಿನ್ನಿಗೂ ಅವಕ್ಕೂ ನಡುವೆ ಅಕ್ಕಿಕಾಳಿನಷ್ಟು ಸಣ್ಣ ಎರಡು ರೆಸಿಸ್ಟರ್ ತುರುಕಿದ್ದರು. ಎಡಕ್ಕೆ ಹೋಗಬೇಕಾದದ್ದೂ ಬಲಕ್ಕೆ ಹೋಗಬೇಕಾದದ್ದೂ ಬೆರೆತು ಎರಡು ಕಿವಿಗೂ ಹೋಗುವ ಹಾಗೆ. ನನಗೆ ನಗು ಬಂತು. ಎಂದೋ ಅವಸರದಲ್ಲಿ ಹೇಗೋ ಹೊಂದಿಸಿ, ಮತ್ತೆ ತಿರುಗಿ ನೋಡದೆ ಬಿಟ್ಟಿದ್ದಾರೆ ಎಂದುಕೊಂಡೆ. ಉಸ್ತಾದರ ತಪ್ಪನ್ನು ಶಿಷ್ಯೆ ತಿದ್ದುವ ಅವಕಾಶ ದಿನಾ ಸಿಗುತ್ತದೆಯೇ? ಎಡವನ್ನು ಎಡಕ್ಕೆ, ಬಲವನ್ನು ಬಲಕ್ಕೆ ಬೆಸೆದೆ. ಟಾಂಕಾ ಕನ್ನಡಿಯಂತೆ ಹೊಳೆಯಿತು. ಟೋಪಿಯನ್ನೂ ಮರೆಯಲಿಲ್ಲ. ಹಳೆಯ ಪಿನ್ನು, ಅಕ್ಕಿಕಾಳು ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿದೆ.

ಈಗ ಇದನ್ನು ಬರೆಯುವಾಗಲೂ ಆ ಬುಟ್ಟಿ ಕಣ್ಣ ಮುಂದೆ ಬರುತ್ತದೆ. ಒಂದು ಸಲ, ಒಂದೇ ಒಂದು ಸಲ, ಇಷ್ಟು ಬಲ್ಲ ಮನುಷ್ಯ ಹೀಗೇಕೆ ಮಾಡಿದ್ದಾರೆ ಎಂದು ಯೋಚಿಸಿದ್ದರೆ ಸಾಕಿತ್ತು.

ಚಾಚಾ ಬಂದ ಶನಿವಾರ ಮೊಮ್ಮಗನ ಹೆಸರಿನಲ್ಲಿ ಮಿಠಾಯಿ ಕೊಟ್ಟರು. ನಾನು ಹೆಡ್‌ಫೋನನ್ನು ಅವರ ಕೈಯಲ್ಲಿಟ್ಟೆ. ಜಡೆಯ ಉದ್ದಕ್ಕೂ ಹೆಬ್ಬೆರಳು ಸವರಿದರು. ಟೋಪಿ ತಿರುಗಿಸಿ ಒಳಗೆ ನೋಡಿದರು. ನೋಡಿದ್ದು ಸ್ವಲ್ಪ ಹೆಚ್ಚೇ ಹೊತ್ತು.

"ಹಳೇ ಪಿನ್ ಎಲ್ಲಿ ಬೇಟಾ?"

"ಬಿಸಾಕ್ಬಿಟ್ಟೆ ಚಾಚಾ. ಒಳಗೆ ಎಲ್ಲಾ ಒಂದಕ್ಕೊಂದು ಸೇರ್ಕೊಂಡಿತ್ತು. ಸರಿ ಮಾಡಿದೀನಿ."

"ಸರಿ ಮಾಡಿದೀರ," ಎಂದರು ಮೆಲ್ಲಗೆ. ಆಮೇಲೆ ನಕ್ಕು, "ಹೊಳೀತಾ ಇದೆ. ಈಗ ಈ ಕೈ ಕೈ ಆಯ್ತು," ಎಂದರು. ತಲೆಗೆ ಹಾಕಿಕೊಂಡು ರೆಕಾರ್ಡಿಂಗ್ ಕೇಳಿ, "ಚೆನ್ನಾಗಿದೆ, ಬಹುತ್ ಚೆನ್ನಾಗಿದೆ" ಎಂದರು. ನಾನು ಆ ದಿನ ನೆಲದ ಮೇಲೆ ನಡೆಯಲಿಲ್ಲ. ಸೆಲ್ವಂಗೂ ಒಂದು ಟೀ ಕೊಡಿಸಿದೆ.

ಆಮೇಲಿನ ವಾರಗಳಲ್ಲಿ ಚಾಚಾ ಪರೀಕ್ಷೆಗೆ ಮೊದಲಿನ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಒಂದೆರಡು ಸಲ ನಾನು ಟೀ ಲೋಟ ಕೊಟ್ಟು ಬರುವಷ್ಟರಲ್ಲಿ ಹೆಡ್‌ಫೋನನ್ನು ತಿರುವು ಮುರುವು ಮಾಡಿ ಹಾಕಿಕೊಂಡದ್ದು ಕಂಡಿತ್ತು. ವಯಸ್ಸಾಯಿತು ಎಂದುಕೊಂಡೆ.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ವಿನ್ಸೆಂಟ್ ಬಂದ. ಫ್ರೇಜರ್ ಟೌನಿನಲ್ಲಿ ಸೌಂಡ್ ಸರ್ವಿಸ್ ಇಟ್ಟವನು, ಚಾಚಾಗೆ ಹಳೆಯ ಗಿರಾಕಿ. ಕ್ರಿಸ್‌ಮಸ್ ಹತ್ತಿರ ಬಂದಿತ್ತು, ಮದುವೆಗಳೂ ಇದ್ದವು. ಆ ಸೀಸನ್ನಿನ ಅವನ ಕೇಬಲ್ಲುಗಳೆಲ್ಲ ಚಾಚಾ ಕೈಯಲ್ಲೇ ಆಗಬೇಕು. ಮುಗಿದಿದ್ದ ಒಂದಷ್ಟನ್ನು ಒಯ್ಯಲು, ಉಳಿದದ್ದನ್ನು ಒಪ್ಪಿಸಲು ಬಂದಿದ್ದ. ಹೊರಗೆ ಜಿಟಿಜಿಟಿ ಮಳೆ.

ಚಾಚಾ ಕೊನೆಯ ಕೇಬಲ್ಲನ್ನು ಪರೀಕ್ಷಿಸುತ್ತಿದ್ದರು. ಕೇಳಿದರು. ಮೆಲ್ಲನೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು ಮತ್ತೆ ಕೇಳಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ? ಆ ಬೆಳ್ಳಿ ಜಡೆ ನಾನು ಮಾಡಿದ್ದು ಎಂದು ವಿನ್ಸೆಂಟಿಗೆ ಗೊತ್ತಾಗಬೇಕಿತ್ತು. ಅದಕ್ಕೊಂದು ನೆಪ ಸಿಕ್ಕಿತು.

"ಚಾಚಾ, ಉಲ್ಟಾ ಹಾಕ್ಕೊಂಡಿದೀರ! ನಾನು ಎಡ ಬಲ ಕರೆಕ್ಟಾಗಿ ಮಾಡ್ಕೊಟ್ಟಿದೀನಿ, ನೀವು ನೋಡಿದ್ರೆ ಹಿಂಗೆ," ಎಂದು ನಕ್ಕೆ. ವಿನ್ಸೆಂಟ್ ಕಡೆ ತಿರುಗಿ, "ಮೊದಲು ಎರಡೂ ಸೇರ್ಸಿಟ್ಟಿದ್ರು, ಒಂದೊಂದು ಕಿವೀಲೂ ಎಲ್ಲಾ ಕೇಳೋ ಹಂಗೆ," ಎಂದೆ.

ಚಾಚಾ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. ಐರನ್ನಿನ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸತೊಡಗಿದರು. ವಿನ್ಸೆಂಟ್ ನಗಲಿಲ್ಲ. ಅವನೂ ಅದೇ ಕಸುಬಿನವನು. ಒಮ್ಮೆ ಹೆಡ್‌ಫೋನನ್ನು ನೋಡಿದ, ಒಮ್ಮೆ ಚಾಚಾರನ್ನು. ನಂತರ ಚಾಚಾರ ಎಡಗಡೆಗೆ ಸರಿದು, ಪೆಟ್ಟಿಗೆಗಳ ಮೇಲಿಂದ ಬಾಗಿ, "ಚಾಚಾ, ಮಿಕ್ಕಿದ್ದು ಯಾವಾಗ ತರ್ಲಿ?" ಎಂದ. ಮೆತ್ತಗೇನೂ ಅಲ್ಲ, ನಾವೆಲ್ಲ ಮಾತಾಡುವಷ್ಟೇ ದನಿ.

ಚಾಚಾ ಒರೆಸುತ್ತಲೇ ಇದ್ದರು.

"ಚಾಚಾ, ಯಾವಾಗ ತರ್ಲಿ?"

ನನಗೆ ಇನ್ನೂ ತಿಳಿಯಲಿಲ್ಲ. "ಚಾಚಾ, ಕೇಳ್ತಿದಾರೆ ನೋಡಿ" ಎಂದೆ. ಅವರು ತಟ್ಟನೆ ತಲೆ ಎತ್ತಿ, "ಹೇಳಪ್ಪ ವಿನ್ಸೆಂಟ್" ಎನ್ನುತ್ತ ತಿರುಗಿದರು. ತಿರುಗಿದ್ದು ಬಲಕ್ಕೆ, ನನ್ನ ಕಡೆಗೆ. ಅಲ್ಲಿ ನಾನೊಬ್ಬಳೇ ಇದ್ದೆ.

ವಿನ್ಸೆಂಟ್ ಕೆಟ್ಟವನಲ್ಲ. ಮುಗಿದ ಕೇಬಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡ. ಒಪ್ಪಿಸಲು ತಂದಿದ್ದ ಇನ್ನೊಂದು ಚೀಲವನ್ನೂ ಮತ್ತೆ ಹೆಗಲಿಗೇರಿಸಿಕೊಂಡು, "ಆಮೇಲೆ ಹೇಳ್ತೀನಿ ಚಾಚಾ" ಎಂದು ಹಲಗೆ ದಾಟಿ ಹೋದ.

ನಾವಿಬ್ಬರೇ ಉಳಿದೆವು. ಚಾಚಾ ನನ್ನನ್ನು ನೋಡಲಿಲ್ಲ. "ಮಳೆ ಜಾಸ್ತಿ ಆಗೋ ಮುಂಚೆ ಹೊರ್ಡಿ ಬೇಟಾ" ಎಂದರು.

ಬಸ್ಸು ಹಲಸೂರು ಕೆರೆಯ ಪಕ್ಕ ನಿಂತುಕೊಂಡಿದ್ದಾಗ ನನಗೆ ಎಲ್ಲ ಅರ್ಥವಾಯಿತು. ಎಡಗಡೆಯ ಪೆಟ್ಟಿಗೆಗಳು. ಬಲಗಡೆಯ ಸ್ಟೂಲು. ಢೋಲಕ್ಕನ್ನೂ ಹಾರ್ಮೋನಿಯಮ್ಮನ್ನೂ ಒಂದೇ ಕಿವಿಗೆ ತಂದು ಕೊಡುತ್ತಿದ್ದ ಆ ಎರಡು ಅಕ್ಕಿಕಾಳು. ಅವರ ಎಡಗಿವಿ ಸತ್ತು ಎಷ್ಟು ವರ್ಷವಾಗಿತ್ತೋ. ಯಾರಿಗೂ ತಿಳಿಯದ ಹಾಗೆ ಆ ಸಣ್ಣ ಅಂಗಡಿಯನ್ನೂ ಆ ಪಿನ್ನನ್ನೂ ಹೊಂದಿಸಿಕೊಂಡು ಬದುಕು ಕಟ್ಟಿಕೊಂಡಿದ್ದರು. ನಾನು ಮೊದಲು ಅದನ್ನು ಕಿತ್ತು ಎಸೆದೆ. ಆಮೇಲೆ ಎಸೆದದ್ದನ್ನು ಗಿರಾಕಿಯ ಮುಂದೆ ಸಾರಿದೆ. ಅಲ್ಲೇ ಬಸ್ಸಿನಿಂದ ಇಳಿದು ಮನೆಯ ತನಕ ಮಳೆಯಲ್ಲೇ ನಡೆದೆ.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಮುಂದಿನ ಶನಿವಾರ ಹೋಗಬೇಕು, ನನ್ನ ಟಾಂಕಾ ಬಿಚ್ಚಬೇಕು, ತಪ್ಪಾಯಿತು ಚಾಚಾ ಎನ್ನಬೇಕು. ಹತ್ತು ನಿಮಿಷದ ಕೆಲಸ. ಆ ಶನಿವಾರ ಹೋಗಲಿಲ್ಲ. ಹೋಗಿ ಬಿಚ್ಚಿದರೆ ನಿಮ್ಮ ಕಿವಿಯ ವಿಷಯ ನನಗೆ ಗೊತ್ತು ಎಂದು ಮುಖದ ಮೇಲೆ ಹೇಳಿದಂತೆ ಆಗುತ್ತದೆ, ಅವರಿಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಲು ಎಷ್ಟು ಸೂಕ್ಷ್ಮವಾದ ಮನಸ್ಸು! ಸುಳ್ಳು. ನನಗೆ ಅವರ ಮುಖ ನೋಡುವ ಧೈರ್ಯ ಇರಲಿಲ್ಲ, ಅಷ್ಟೇ. ಅದರ ಮುಂದಿನ ಶನಿವಾರ ಕಗ್ಗದಾಸಪುರದ ತವರಿನಲ್ಲಿ ನಾಮಕರಣ. ಜನವರಿಯಲ್ಲಿ ಆಫೀಸಿನಲ್ಲಿ ಡಾಕ್ಟರುಗಳ ಮಾತನ್ನು ಯಂತ್ರವೇ ಟೈಪ್ ಮಾಡತೊಡಗಿ, ನಮ್ಮನ್ನು ಅದು ಬರೆದದ್ದನ್ನು ಓದಿ ತಪ್ಪು ತಿದ್ದುವ ಕೆಲಸಕ್ಕೆ ಹಾಕಿದರು. ಹೆಡ್‌ಫೋನೇ ಬೇಡವಾಯಿತು. ನೆಪ ಬೇಕೆಂದವರಿಗೆ ನೆಪಗಳು ಸಾಲುಗಟ್ಟಿ ನಿಲ್ಲುತ್ತವೆ. ಬೆಸುಗೆಯ ಸಾಮಾನನ್ನೆಲ್ಲ ಒಂದು ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟೆ.

ಕಳೆದ ತಿಂಗಳು ಆ ರಾಳದ ಹೊಗೆ ಮೂಗಿಗೆ ಬಿದ್ದ ಮೇಲೆ ಫೋನನ್ನು ಅಲ್ಲೇ ಬಿಟ್ಟು ಗಲ್ಲಿಗೆ ನಡೆದೆ. ಚಾಚಾ ಅಂಗಡಿಯಲ್ಲಿ ಫೋನಿನ ಬಣ್ಣಬಣ್ಣದ ಕವರುಗಳು ನೇತಾಡುತ್ತಿದ್ದವು. ಸೆಲ್ವಂ ಮಾತ್ರ ಅದೇ ಜಾಗದಲ್ಲಿ ಜಿಪ್ಪು ಹೊಲಿಯುತ್ತ ಕೂತಿದ್ದ. ನನ್ನನ್ನು ಕಂಡವನೇ ಮಿಷನ್ ನಿಲ್ಲಿಸಿದ.

"ಈಗ ಬಂದ್ರಾ ಅಮ್ಮಾ?" ಎಂದ. ಕೋಪವಿದ್ದರೆ ಚೆನ್ನಾಗಿತ್ತು, ಇರಲಿಲ್ಲ.

"ಚಾಚಾ ಎಲ್ಲಿ ಸೆಲ್ವಂ?"

"ಕೋಲಾರಕ್ಕೆ, ಮಗಳ ಮನೆಗೆ ಹೋದ್ರು. ಆ ಡಿಸೆಂಬರ್ ಯಾರೂ ಕೆಲ್ಸ ತರ್ಲಿಲ್ಲಮ್ಮ. ಒಬ್ರಿಗೆ ಗೊತ್ತಾದ್ರೆ ಸೌಂಡ್‌ನವ್ರಿಗೆಲ್ಲಾ ಗೊತ್ತಾದಂಗೆ. ಕಿವಿ ಇಲ್ದಿರೋರು ಹೆಂಗೆ ಕೇಳಿ ಕೊಡ್ತಾರೆ ಅಂತ. ಇಷ್ಟು ವರ್ಷ ಕೇಳಿ ಕೊಟ್ರಲ್ಲ, ಅದನ್ನ ಯಾರೂ ಯೋಚ್ನೆ ಮಾಡ್ಲಿಲ್ಲ. ಯುಗಾದಿ ಹೊತ್ತಿಗೆ ಖಾಲಿ ಮಾಡಿದ್ರು."

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಚಿಕ್ಕ ವಯಸ್ಸಲ್ಲಿ ಜ್ವರ ಬಂದು ಹೋಗಿದ್ದಂತೆ ಆ ಕಿವಿ. ಪಕ್ಕದಲ್ಲೇ ಇರೋನು, ಗೊತ್ತಾಗಲ್ವಾ? ನೀವು ಹೆಡ್‌ಫೋನ್ ತಗೊಂಡ್ ಹೋದಾಗ ಒಳಗೆ ಏನಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಕೊಡ್ತಿರ್ಲಿಲ್ಲ."

ಅವನು ಒಳಗಿನ ಹಲಗೆಯ ಮೇಲಿಂದ ತಾನೇ ಹೊಲಿದ ಒಂದು ಜಿಪ್ಪಿನ ಚೀಲ ತೆಗೆದ. "ಅಮ್ಮ ಬರ್ತಾರೆ, ಕೊಡು ಅಂದ್ರು. ಯುಗಾದಿವರ್ಗೂ ಪ್ರತಿ ಶನಿವಾರ ಸ್ಟೂಲ್ ಹೊರಗೆ ಹಾಕಿ, ಐರನ್ ಕಾಯ್ಸಿ ಇಟ್ಕೊಂಡು ಕೂತಿರ್ತಿದ್ರು. ನಾನೇ ಕೇಳ್ದೆ, ಚಾಚಾ, ನೀವೇ ಬಿಚ್ಚಿ ಹಾಕ್ಕೊಳಿ, ನಿಮಗೇನು ಎರಡು ನಿಮಿಷ ಅಂತ. ನಕ್ಕೋ, ಅದು ಅವರ ಟಾಂಕಾ, ಅವರೇ ಬಿಚ್ತಾರೆ ಅಂದ್ರು."

ಚೀಲ ತೆಗೆದುಕೊಂಡು ಅವರ ಫೋನ್ ನಂಬರು ಕೇಳಿದೆ. ಸೆಲ್ವಂ ತಲೆ ಅಲ್ಲಾಡಿಸಿದ.

"ಫೋನ್ ಮಾಡಿ ಏನ್ ಪ್ರಯೋಜ್ನ ಅಮ್ಮಾ? ಆರು ತಿಂಗ್ಳಾಯ್ತು, ಇನ್ನೊಂದು ಕಿವೀನೂ ಹೋಯ್ತು. ಈಗ ಪೂರಾ ಕೇಳಲ್ಲ. ಮಗಳು ಸ್ಲೇಟಲ್ಲಿ ಬರ್ದು ತೋರಿಸ್ತಾಳೆ." ಮಗಳ ಮನೆಯ ವಿಳಾಸವನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಮನೆಗೆ ಬಂದು ಅಟ್ಟದ ಡಬ್ಬಿ ಇಳಿಸಿದೆ. ಜಿಪ್ಪು ತೆಗೆದೆ. ಬೆಳ್ಳಿ ಜಡೆ ಸ್ವಲ್ಪ ಕಪ್ಪಾಗಿತ್ತು. ಟೋಪಿ ತಿರುಗಿಸಿ ನೋಡಿದರೆ ನನ್ನ ಟಾಂಕಾ ಹಾಕಿದ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಚೀಲದ ತಳದಲ್ಲಿ ಇನ್ನೇನೋ ಸರಸರ ಎಂದಿತು. ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ. ಅದರೊಳಗೆ ಎರಡು ಹೊಸ ರೆಸಿಸ್ಟರ್, ಅಕ್ಕಿಕಾಳಿನಷ್ಟು. ಕಾಲುಗಳನ್ನು ಅಳತೆಗೆ ಕತ್ತರಿಸಿ, ತುದಿಗಳಿಗೆ ಮೊದಲೇ ಸೀಸ ಹಚ್ಚಿಟ್ಟಿದ್ದರು. ನಾನು ಬಂದು ಐರನ್ ತಾಗಿಸಿದರೆ ಸಾಕು ಎನ್ನುವ ಹಾಗೆ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ಅತ್ತೆ.

ಅತ್ತಾದ ಮೇಲೆ ಐರನ್ ಕಾಯಿಸಿದೆ. ನನ್ನ ಟಾಂಕಾ ಬಿಚ್ಚಿದೆ. ಎರಡು ವರ್ಷದಲ್ಲಿ ಕೈ ಜಡವಾಗಿತ್ತು. ಆದರೂ ಊದಲಿಲ್ಲ, ಅವಸರ ಮಾಡಲಿಲ್ಲ, ಎರಡು ಕಾಳನ್ನೂ ಕೂರಿಸಿ ಎಡ ಬಲ ಎರಡನ್ನೂ ಸೇರಿಸಿದೆ. ಹೊಳೆಯಿತು. ಗಡಿಯಾರ ನೋಡಿದರೆ ಎಂಟು ನಿಮಿಷ. ಟೋಪಿ ಹಾಕಲು ಕೈ ಚಾಚಿದೆ. ಅದು ಕಟ್ಟೆಯ ಮೇಲೆ ಒಗ್ಗರಣೆ ಡಬ್ಬಿಯ ಪಕ್ಕ ಕೂತಿತ್ತು. ಟಾಂಕಾ ಬಿಚ್ಚಿದಾಗ ವೈರಿನಿಂದ ಜಾರಿದ್ದು ನನಗೆ ಗೊತ್ತಾಗಿರಲಿಲ್ಲ. ಅಭ್ಯಾಸಬಲದಿಂದ ಎಡಗಡೆ ಯಾರೋ ನಗುತ್ತಾರೆಂದು ಕಾದೆ. ಕುಕ್ಕರ್ ಕೂಗಿತು, ಅಷ್ಟೆ. ಮತ್ತೆ ಎಲ್ಲ ಬಿಚ್ಚಿ, ಟೋಪಿ ಪೋಣಿಸಿ, ಮೊದಲಿನಿಂದ ಹಾಕಿದೆ.

ಈ ಭಾನುವಾರ ಕೋಲಾರದ ಬಸ್ಸು ಹತ್ತುತ್ತೇನೆ. ಕೆ.ಆರ್. ಪುರಂ ದಾಟುವ ತನಕ ಇಳಿದು ವಾಪಸು ಬಂದು ಬಿಡೋಣ ಅನ್ನಿಸಬಹುದು, ಅನ್ನಿಸಲಿ. ಹೆಡ್‌ಫೋನನ್ನು ಅವರ ಕೈಯಲ್ಲಿಡುತ್ತೇನೆ. ಚಾಚಾ ಟೋಪಿ ತಿರುಗಿಸಿ ಒಳಗೆ ನೋಡುತ್ತಾರೆ, ಕಣ್ಣು ಇನ್ನೂ ಚೆನ್ನಾಗಿದೆಯಂತೆ. ತಪ್ಪಾಯಿತು ಎಂದು ಸ್ಲೇಟಿನಲ್ಲಿ ಬರೆಯಬಹುದು, ಅವರು ಓದಲೂಬಹುದು. ಆದರೆ ನಾನು ಆ ಗಲ್ಲಿಯನ್ನು ಸುತ್ತಿ ಬಳಸಿ ಓಡಾಡಿದ ಎರಡು ವರ್ಷದಲ್ಲಿ ಒಂದೂವರೆ ವರ್ಷ ಅವರ ಬಲಗಿವಿ ಇತ್ತು. ಆಗ ಹೋಗಿ ಬಾಯಿಬಿಟ್ಟು ಹೇಳಿದ್ದರೆ ಅವರಿಗೆ ಕೇಳಿಸುತ್ತಿತ್ತು.